ಬೌಲರನ ತೋಳಿಗೆ ಮುಪ್ಪು ಬಂದಾಗ

ಆಟಗಾರನ ಮುಪ್ಪಿನ ಲೆಕ್ಕವೇ ಬೇರೆ. ಮೂವತ್ತಮೂರು ವರ್ಷದ ಉಪಾಧ್ಯಾಯನನ್ನು ನಮ್ಮ ವಿಜಯಪುರದ ಜನ ಇನ್ನೂ ‘ಸಣ್ಣ ಮಾಸ್ತರ’ ಎಂದೇ ಕರೆಯುವರು. ಆ ವಯಸ್ಸಿನ ವಕೀಲನೆಂದರೆ ಕಕ್ಷಿಗಾರರ ದಾರಿ ಕಾಯುವ ಹೊಸಬ. ರೈತನಾದರೆ ಹೊಲದ ಗುಣವೂ ಮಳೆಯ ಗುಣವೂ ಅವನಿಗೆ ಆಗಷ್ಟೇ ತಿಳಿಯತೊಡಗಿರುತ್ತವೆ. ಆದರೆ ಮೂವತ್ತಮೂರು ವರ್ಷದ ವೇಗದ ಬೌಲರನ ವಿಷಯದಲ್ಲಿ ಮಾತ್ರ ‘ಇನ್ನೆಷ್ಟು ದಿನ?’ ಎಂಬ ಪ್ರಶ್ನೆ ಏಳುವುದು. ಅವನು ಹೊರದೇಶದ ತಂಡವೊಂದಕ್ಕೆ ಆಡುತ್ತಿದ್ದರಂತೂ ಈ ಪ್ರಶ್ನೆ ಇನ್ನೂ ಮೊನಚಾಗುವುದು. ಕಾರಣವಿಷ್ಟೆ: ಹೊರಗಿನವರಿಗೆ ಅಂಥ ತಂಡದಲ್ಲಿರುವುದು ಒಂದೆರಡು ಸ್ಥಾನಗಳು ಮಾತ್ರ, ಆ ಸ್ಥಾನಕ್ಕಾಗಿ ಕಾದಿರುವವರು ಹಲವರು.

ಈ ಪ್ರಶ್ನೆ ಕೇವಲ ಪ್ರೇಕ್ಷಕರ ಚಪಲವೆ, ಅಥವಾ ಬೌಲರನ ಮೈಯೊಳಗೆ ನಿಜವಾಗಿಯೂ ಏನಾದರೂ ನಡೆಯುತ್ತಿರುವುದೆ? ಭೌತಶಾಸ್ತ್ರದ ಹಾಗೂ ಶರೀರಶಾಸ್ತ್ರದ ಸಹಾಯದಿಂದ ಇದನ್ನು ಸ್ವಲ್ಪ ವಿಚಾರಿಸೋಣ. ಉದಾಹರಣೆಗಾಗಿ ದೂರ ಹೋಗಬೇಕಾದುದಿಲ್ಲ. ನಮ್ಮ ನಾಡಿನವರೇ ಆದ ಇಬ್ಬರ ಆಟದ ಬಾಳು ನಮ್ಮ ಮುಂದಿದೆ.

ಒಂದು ಬೇಸಗೆ, ಇಬ್ಬರು ಬೌಲರುಗಳು

1995ರ ಬೇಸಗೆಯಲ್ಲಿ ಕರ್ನಾಟಕದ ಇಬ್ಬರು ಯುವಕರು ಇಂಗ್ಲೆಂಡಿನ ಕೌಂಟಿ ಪಂದ್ಯಗಳಲ್ಲಿ ಆಡುತ್ತಿದ್ದರು. ಒಬ್ಬರು 1969ರಲ್ಲಿ ಮೈಸೂರಿನಲ್ಲಿ ಜನಿಸಿದ ಜಾವಗಲ್ ಶ್ರೀನಾಥ್. ಗ್ಲೌಸ್ಟರ್‌ಶೈರ್ ತಂಡದ ಕೋರ್ಟ್ನಿ ವಾಲ್ಶ್ ಆ ವರ್ಷ ವೆಸ್ಟ್ ಇಂಡೀಸಿನ ಪರವಾಗಿ ಆಡಬೇಕಾಗಿದ್ದುದರಿಂದ ಆ ಸ್ಥಾನಕ್ಕೆ ಹೋದವರು. ಇನ್ನೊಬ್ಬರು 1970ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅನಿಲ್ ಕುಂಬ್ಳೆ. ಕಾಸರಗೋಡಿನ ಕುಂಬಳೆಯ ಹೆಸರನ್ನು ಹೊತ್ತ ಅವರು ನಾರ್ತ್‌ಹ್ಯಾಂಪ್ಟನ್‌ಶೈರ್ ಪರವಾಗಿ ಆಡಿದರು. ಇಬ್ಬರೂ ಎಂಜಿನಿಯರಿಂಗ್ ಪದವೀಧರರು. ಆ ಋತುವಿನಲ್ಲಿ ಶ್ರೀನಾಥರು 87 ವಿಕೆಟ್‌ಗಳನ್ನೂ ಕುಂಬ್ಳೆಯವರು 105 ವಿಕೆಟ್‌ಗಳನ್ನೂ ಪಡೆದರು. ವಯಸ್ಸಿನಲ್ಲಿ ಇವರ ನಡುವೆ ಒಂದು ವರ್ಷದಷ್ಟೇ ಅಂತರ. ಒಬ್ಬರದು ವೇಗ, ಇನ್ನೊಬ್ಬರದು ತಿರುಗು ಚೆಂಡು. ಪ್ರಯೋಗಶಾಲೆಯಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದುದನ್ನು ಸಮನಾಗಿಡುವಂತೆ, ಪ್ರಕೃತಿಯೇ ನಮಗಾಗಿ ಇಲ್ಲಿ ಒಂದು ಹೋಲಿಕೆಯನ್ನು ಸಿದ್ಧಪಡಿಸಿಕೊಟ್ಟಿತೆನ್ನಬಹುದು.

ಆ ಹೋಲಿಕೆಯ ಫಲಿತಾಂಶವನ್ನು ನೋಡಿರಿ. ಶ್ರೀನಾಥರು 67 ಟೆಸ್ಟ್ ಪಂದ್ಯಗಳಲ್ಲಿ 15,104 ಚೆಂಡುಗಳನ್ನು ಎಸೆದು 236 ವಿಕೆಟ್‌ಗಳನ್ನು ಪಡೆದರು. 2003ರಲ್ಲಿ ಆಟದಿಂದ ನಿವೃತ್ತರಾದರು. ಕುಂಬ್ಳೆಯವರು 132 ಟೆಸ್ಟ್‌ಗಳಲ್ಲಿ 40,850 ಚೆಂಡುಗಳನ್ನು ಎಸೆದು 619 ವಿಕೆಟ್‌ಗಳನ್ನು ಪಡೆದರು. 2008ರ ನವೆಂಬರಿನವರೆಗೆ ಆಡಿದರು. ಸಾಮರ್ಥ್ಯದಲ್ಲಾಗಲಿ ಶ್ರಮದಲ್ಲಾಗಲಿ ಒಬ್ಬರು ಇನ್ನೊಬ್ಬರಿಗೆ ಕಡಿಮೆಯಲ್ಲ. ಹೀಗಿರಲು ಒಂದು ತೋಳು ಇನ್ನೊಂದಕ್ಕಿಂತ ಎರಡೂವರೆ ಪಾಲಿಗೂ ಹೆಚ್ಚು ಚೆಂಡುಗಳನ್ನು ಹೇಗೆ ತಾಳಿಕೊಂಡಿತು?

ಕವಣೆಯೂ ತೋಳೂ

ನಮ್ಮ ಕಡೆಯ ಜೋಳದ ಹೊಲಗಳಲ್ಲಿ ಹಕ್ಕಿಗಳನ್ನು ಓಡಿಸಲು ಕವಣೆ ಬೀಸುವುದನ್ನು ಹಲವರು ಕಂಡಿರಬಹುದು. ಕಲ್ಲು ಸುತ್ತುತ್ತಿರುವಾಗ ಹಗ್ಗವು ಕೈಯನ್ನು ಹೊರಕ್ಕೆ ಸೆಳೆಯುವಂತೆ ತೋರುವುದು. ಕಲ್ಲು ನೇರವಾಗಿ ಹೋಗಲು ಬಯಸುತ್ತದೆ. ಅದನ್ನು ವೃತ್ತದಲ್ಲಿ ಹಿಡಿದಿಡಲು ಕೈಯು ಒಳಕ್ಕೆ ಎಳೆಯುತ್ತಿರಬೇಕು. ಈ ಎಳೆತವು ಕಲ್ಲಿನ ತೂಕಕ್ಕೆ ತಕ್ಕಂತೆಯೂ ವೇಗದ ವರ್ಗಕ್ಕೆ ತಕ್ಕಂತೆಯೂ ಹೆಚ್ಚುವುದು. ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿ.

ವೇಗದ ಬೌಲರನ ತೋಳು ಒಂದು ಕವಣೆಯೇ ಸರಿ. ಕ್ರಿಕೆಟ್ ಚೆಂಡಿನ ತೂಕ ಸುಮಾರು 160 ಗ್ರಾಂ. ತೋಳಿನ ಉದ್ದವನ್ನು 75 ಸೆಂಟಿಮೀಟರ್ ಎಂದೂ, ಭುಜವನ್ನು ಬಿಟ್ಟು ಲೆಕ್ಕ ಹಾಕಿದರೆ ಚೆಂಡಿನ ವೇಗ ಸೆಕೆಂಡಿಗೆ 30 ಮೀಟರ್ ಎಂದೂ ಇಟ್ಟುಕೊಳ್ಳೋಣ. ಮಿಕ್ಕ ವೇಗವು ಓಟದಿಂದಲೂ ಮೈಯ ತಿರುವಿನಿಂದಲೂ ಬರುವುದು. ಆಗ ಚೆಂಡೊಂದನ್ನು ವೃತ್ತದಲ್ಲಿ ಹಿಡಿದಿಡಲು ಬೇಕಾಗುವ ಎಳೆತ ಸುಮಾರು 20 ಕಿಲೋಗ್ರಾಂ ತೂಕಕ್ಕೆ ಸಮಾನ. ಇದು ದೊಡ್ಡದೇನಲ್ಲ. ಆದರೆ ಕವಣೆಯ ಹಗ್ಗ ಹಗುರ, ಮನುಷ್ಯನ ತೋಳು ಹಗುರವಲ್ಲ. ಅದರ ತೂಕ ನಾಲ್ಕು ಕಿಲೋಗ್ರಾಮಿನಷ್ಟು. ಅದು ಸೆಕೆಂಡಿಗೆ ಆರು ಸುತ್ತುಗಳಿಗಿಂತ ಹೆಚ್ಚಿನ ದರದಲ್ಲಿ ಬೀಸಲ್ಪಡುವಾಗ ಅದರದೇ ಎಳೆತವು, ಸ್ಥೂಲವಾದ ಲೆಕ್ಕದಲ್ಲಿ, 200 ಕಿಲೋಗ್ರಾಂ ತೂಕದ ಸಮೀಪಕ್ಕೆ ಹೋಗುವುದು. ಎಂದರೆ ಪ್ರತಿಯೊಂದು ಚೆಂಡನ್ನು ಎಸೆಯುವಾಗಲೂ ಬೌಲರನ ಭುಜಕ್ಕೆ ಕ್ಷಣಮಾತ್ರ ಇಬ್ಬರು ದಪ್ಪನೆಯ ಆಳುಗಳು ಜೋತುಬಿದ್ದಂತಾಗುವುದು.

ಈ ಸೆಳೆತವನ್ನು ತಡೆಯಬೇಕಾದ ಭುಜದ ಕೀಲು ಎಂಥದು? ತೊಡೆಯ ಕೀಲಿನಲ್ಲಿ ಎಲುಬಿನ ಗುಂಡು ಆಳವಾದ ಬಟ್ಟಲಿನಲ್ಲಿ ಕುಳಿತಿರುವುದು. ಭುಜದಲ್ಲಾದರೋ ಬಟ್ಟಲಿಗೆ ಆಳವೇ ಇಲ್ಲ. ತಟ್ಟೆಯ ಮೇಲೆ ಚೆಂಡನ್ನಿಟ್ಟಂತಿದೆ. ಹಾಗಿರುವುದರಿಂದಲೇ ನಾವು ಕೈಯನ್ನು ಎಲ್ಲ ದಿಕ್ಕಿಗೂ ತಿರುಗಿಸಬಲ್ಲೆವು. ಈ ಸ್ವಾತಂತ್ರ್ಯಕ್ಕೆ ತೆರುವ ಬೆಲೆಯೆಂದರೆ, ಕೀಲನ್ನು ಅದರ ಜಾಗದಲ್ಲಿ ಹಿಡಿದಿಡುವ ಹೊಣೆ ಎಲುಬಿನದಾಗದೆ ಬಹುಮಟ್ಟಿಗೆ ಸ್ನಾಯುಗಳದಾಗಿದೆ. ನಾಲ್ಕು ಚಿಕ್ಕ ಸ್ನಾಯುಗಳು ಹೆಗಲೆಲುಬಿನಿಂದ ಹೊರಟು, ತೋಳಿನ ಎಲುಬಿನ ತಲೆಯನ್ನು ಅಂಗಿಯ ಪಟ್ಟಿಯಂತೆ ಸುತ್ತಿ, ಒಳಕ್ಕೆ ಒತ್ತಿ ಹಿಡಿದಿರುತ್ತವೆ. ವೈದ್ಯರು ಇದಕ್ಕೆ ರೊಟೇಟರ್ ಕಫ್ ಎನ್ನುವರು. ವಿಜಯಪುರದ ವಾಚಕರಿಗೆ ಇದನ್ನು ಸುಲಭವಾಗಿ ತಿಳಿಸಬಹುದು: ಗೋಳಗುಮ್ಮಟದ ಗುಮ್ಮಟವು ಹೊರಕ್ಕೆ ನೂಕುವ ಬಲವನ್ನು ಕೆಳಗಿನ ಹೆಣೆದುಕೊಂಡ ಕಮಾನುಗಳ ಭಾರವು ಒಳಕ್ಕೆ ಒತ್ತಿ ಸರಿದೂಗಿಸುವುದಷ್ಟೆ. ಭುಜದಲ್ಲಿ ಆ ಕಮಾನುಗಳ ಕೆಲಸವನ್ನು ಈ ನಾಲ್ಕು ಸ್ನಾಯುಗಳು ಮಾಡುತ್ತವೆ. ವ್ಯತ್ಯಾಸವೇನೆಂದರೆ, ಕಮಾನಿನ ಕಲ್ಲು ದಣಿಯುವುದಿಲ್ಲ, ಸ್ನಾಯು ದಣಿಯುವುದು.

ಚೆಂಡು ಕೈಬಿಟ್ಟ ಮರುಕ್ಷಣವೇ ಕಷ್ಟದ ಘಳಿಗೆ. ಚೆಂಡೇನೋ ಹೋಯಿತು, ತೋಳು ಮಾತ್ರ ಅದೇ ಭರದಲ್ಲಿ ಮುಂದೆ ಧಾವಿಸುತ್ತಿರುವುದು. ಅದನ್ನು ನಿಲ್ಲಿಸುವುದಕ್ಕಾಗಿ ಸ್ನಾಯುಗಳು ತಾವೇ ಉದ್ದವಾಗುತ್ತ ಎದುರು ಎಳೆಯಬೇಕು. ಇಳಿಜಾರಿನಲ್ಲಿ ತುಂಬಿದ ಬಂಡಿಯನ್ನು ಹಿಂದಿನಿಂದ ಹಿಡಿದು ತಡೆಯುವವನ ಪಾಡು ಇದು. ಹೀಗೆ ಜಗ್ಗಿ ಜಗ್ಗಿ, ಸ್ನಾಯುವನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜುವಿನ ಎಳೆಗಳು ಸವೆಯುತ್ತವೆ. ಸ್ನಾಯುರಜ್ಜುವಿಗೆ ರಕ್ತದ ಸರಬರಾಯಿ ಕಡಿಮೆ. ಆದುದರಿಂದ ಸವೆದುದು ಕೂಡಿಕೊಳ್ಳುವುದೂ ನಿಧಾನ. ಪ್ರಾಯದಲ್ಲಿ ಒಂದು ರಾತ್ರಿಯ ವಿಶ್ರಾಂತಿಗೆ ಸರಿಹೋಗುತ್ತಿದ್ದುದು ಮೂವತ್ತು ದಾಟಿದ ಮೇಲೆ ಹಲವು ದಿನಗಳನ್ನು ಬೇಡುವುದು. ಸವೆತವು ದುರಸ್ತಿಗಿಂತ ಮುಂದೆ ಓಡಿದ ದಿನ ಎಳೆಗಳು ಹರಿಯುತ್ತವೆ.

ಶ್ರೀನಾಥರಿಗೆ 1997ರಲ್ಲಿ ಆದುದು ಇದೇ. ರೊಟೇಟರ್ ಕಫ್ ಹರಿದು ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು. ತಿಂಗಳುಗಟ್ಟಲೆ ಆಟದಿಂದ ದೂರವಿರಬೇಕಾಯಿತು. ಆದರೂ ಅವರು ಮರಳಿದರು. 1999ರ ಫೆಬ್ರುವರಿಯಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದೆದುರು ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್‌ಗಳನ್ನು ಪಡೆದರು. ಹರಿದ ಭುಜವೂ ಸರಿಯಾದ ಚಿಕಿತ್ಸೆಯಿಂದಲೂ ಅಭ್ಯಾಸದಿಂದಲೂ ಮತ್ತೆ ಕೆಲಸಕ್ಕೆ ಬರಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಕಾಲಿನ ಮೇಲೆ ಬೀಳುವ ಪೆಟ್ಟು

ತೋಳಿನ ಕಥೆ ಹೀಗಾದರೆ ಕಾಲಿನ ಕಥೆ ಮತ್ತೊಂದು. ವೇಗದ ಬೌಲರನು ಓಡಿ ಬಂದು ಮುಂಗಾಲನ್ನು ನೆಲಕ್ಕೆ ಅಪ್ಪಳಿಸುವನು. ಆ ಕಾಲು ಗಟ್ಟಿಯಾಗಿ ನಿಂತಾಗಲೇ ಓಟದ ಚಲನೆಯು ಮೈಯ ಮೂಲಕ ಮೇಲೇರಿ ತೋಳಿಗೆ ದಾಟುವುದು. ಬಲಮಾಪಕದ ಹಲಗೆಗಳ ಮೇಲೆ ಬೌಲರುಗಳನ್ನು ಓಡಿಸಿ ಅಳೆದಾಗ, ಆ ಕ್ಷಣದಲ್ಲಿ ನೆಲವು ಕಾಲಿಗೆ ಕೊಡುವ ಪೆಟ್ಟು ಮೈತೂಕದ ಐದು ಪಾಲು ಮತ್ತು ಅದಕ್ಕೂ ಹೆಚ್ಚಾಗಿರುವುದು ಕಂಡುಬಂದಿದೆ. ಎಂಬತ್ತು ಕಿಲೋಗ್ರಾಂ ತೂಕದ ಬೌಲರನಿಗೆ ಇದು ನಾಲ್ಕು ಕ್ವಿಂಟಲ್. ದಿನಕ್ಕೆ ಇಪ್ಪತ್ತು ಓವರ್‌ಗಳೆಂದರೆ ಇಂಥ ಪೆಟ್ಟುಗಳು 120. ಟೆಸ್ಟ್ ಹಾಗೂ ಒಂದು ದಿನದ ಅಂತಾರಾಷ್ಟ್ರೀಯ ಪಂದ್ಯಗಳೆರಡರಲ್ಲಿ ಶ್ರೀನಾಥರು ಎಸೆದ ಚೆಂಡುಗಳು ಒಟ್ಟು 27,039. ಕೌಂಟಿಯ, ರಣಜಿಯ ಹಾಗೂ ಅಭ್ಯಾಸದ ಚೆಂಡುಗಳು ಇದರಲ್ಲಿ ಸೇರಿಲ್ಲ. ಒಂದು ಮೊಣಕಾಲು ಎಷ್ಟನ್ನು ತಾಳಬೇಕಾಯಿತೆಂಬುದನ್ನು ವಾಚಕರೇ ಊಹಿಸಲಿ.

ಕುಂಬ್ಳೆಯವರ ದೀರ್ಘ ಬಾಳಿನ ಗುಟ್ಟು ಇಲ್ಲಿಯೇ ಇದೆ. ಗಂಟೆಗೆ 145 ಕಿಲೋಮೀಟರ್ ವೇಗದ ಚೆಂಡಿನಲ್ಲಿರುವ ಚಲನಶಕ್ತಿ ಸುಮಾರು 130 ಜೂಲ್. 90 ಕಿಲೋಮೀಟರ್ ವೇಗದಲ್ಲಿ ಅದು 50 ಜೂಲ್ ಮಾತ್ರ. ಸ್ಪಿನ್ ಬೌಲರನ ಓಟ ಚಿಕ್ಕದು, ಕಾಲಿನ ಪೆಟ್ಟು ಕಿರಿದು, ತೋಳಿನ ಸೆಳೆತ ಅಲ್ಪ. ಹಾಗೆಂದು ಅವನಿಗೆ ಅಪಾಯವೇ ಇಲ್ಲವೆಂದಲ್ಲ. ಕುಂಬ್ಳೆಯವರಿಗೂ ಭುಜದ ಶಸ್ತ್ರಚಿಕಿತ್ಸೆಯಾಗಿ 2001ರ ಆಸ್ಟ್ರೇಲಿಯ ಸರಣಿ ತಪ್ಪಿಹೋಯಿತು. ಆದರೆ ಅವರ 619 ವಿಕೆಟ್‌ಗಳಲ್ಲಿ ಮುನ್ನೂರಕ್ಕೂ ಹೆಚ್ಚು ಬಂದುದು ಆ ಚಿಕಿತ್ಸೆಯ ನಂತರವೇ, ಎಂದರೆ ಮೂವತ್ತು ದಾಟಿದ ಮೇಲೆಯೇ. 2006ರಲ್ಲಿಯೂ ಅವರನ್ನು ಇಂಗ್ಲೆಂಡಿನ ಸರ್ರೆ ತಂಡವು ಆಡಲು ಕರೆಯಿತು. ನಮ್ಮ ವಿಜಯಪುರದ ಹೆಮ್ಮೆಯ ರಾಜೇಶ್ವರಿ ಗಾಯಕವಾಡ್ ಅವರೂ ಸ್ಪಿನ್ ಬೌಲರೇ. 2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಅವರು 15 ರನ್ನುಗಳಿಗೆ 5 ವಿಕೆಟ್ ಕಿತ್ತು, ನ್ಯೂಜಿಲೆಂಡ್ ತಂಡವು 79ಕ್ಕೆ ಉರುಳಲು ಕಾರಣರಾದರು. ಎಡಗೈಯ ಆ ನಿಧಾನದ ಚೆಂಡುಗಳಲ್ಲಿದ್ದುದು ಬಲವಲ್ಲ, ಬೆರಳುಗಳ ಜಾಣ್ಮೆ.

ಕಳೆದುಹೋಗುವ ಅರೆನಿಮಿಷಾರ್ಧ

ವಯಸ್ಸು ವೇಗವನ್ನು ಎಷ್ಟು ಕದಿಯುವುದು, ಕದ್ದರೆ ಆಗುವ ನಷ್ಟವೇನು? ಸ್ನಾಯುಗಳಲ್ಲಿ ಬೇಗ ಸಂಕೋಚಿಸುವ ಎಳೆಗಳೂ ನಿಧಾನವಾಗಿ ಸಂಕೋಚಿಸುವ ಎಳೆಗಳೂ ಇವೆ. ವಯಸ್ಸಾದಂತೆ ಮೊದಲು ಕುಗ್ಗುವುವು ಬೇಗದ ಎಳೆಗಳು. ದೂರದ ಓಟಗಾರನು ಮೂವತ್ತೈದರಲ್ಲಿಯೂ ಗೆಲ್ಲಬಲ್ಲನು, ನೂರು ಮೀಟರಿನ ಓಟಗಾರನಿಗೆ ಅದು ಬಲು ಕಷ್ಟ; ಕಾರಣ ಇದೇ.

ಬೌಲರನ ವೇಗವು ಗಂಟೆಗೆ 145 ಕಿಲೋಮೀಟರಿನಿಂದ 130ಕ್ಕೆ ಇಳಿಯಿತೆನ್ನೋಣ. ನೂರಕ್ಕೆ ಹತ್ತರಷ್ಟು ಇಳಿತ. ಪ್ರೇಕ್ಷಕನ ಕಣ್ಣಿಗೆ ಅದು ಕಾಣಲಾರದು. ಬೌಲಿಂಗ್ ಗೆರೆಯಿಂದ ದಾಂಡಿಗನ ಗೆರೆಗೆ ಸುಮಾರು 17.7 ಮೀಟರ್. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕಿಸಿದರೆ ಮೊದಲನೆಯ ಚೆಂಡಿಗೆ ಹಿಡಿಯುವ ಕಾಲ 0.44 ಸೆಕೆಂಡ್, ಎರಡನೆಯದಕ್ಕೆ 0.49 ಸೆಕೆಂಡ್. ವ್ಯತ್ಯಾಸ ಒಂದು ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲು. ಆದರೆ ಕಣ್ಣು ಕಂಡುದನ್ನು ಮಿದುಳು ಗ್ರಹಿಸಿ ಕೈಗೆ ಅಪ್ಪಣೆ ಕೊಡಲು ಸುಮಾರು 0.2 ಸೆಕೆಂಡ್ ಬೇಕು. ಅದನ್ನು ಕಳೆದರೆ ದಾಂಡಿಗನ ಪಾಲಿಗೆ ಉಳಿಯುವುದು ಮೊದಲನೆಯ ಚೆಂಡಿನಲ್ಲಿ 0.24, ಎರಡನೆಯದರಲ್ಲಿ 0.29 ಸೆಕೆಂಡ್. ಅವನಿಗೆ ದೊರೆತ ಹೆಚ್ಚಿನ ಬಿಡುವು ನೂರಕ್ಕೆ ಇಪ್ಪತ್ತರಷ್ಟು! ಬೌಲರನು ಹತ್ತನ್ನು ಕಳೆದುಕೊಂಡರೆ ದಾಂಡಿಗನು ಇಪ್ಪತ್ತನ್ನು ಗಳಿಸುವನು. ವೇಗವನ್ನೇ ನಂಬಿದ ಬೌಲರನ ಭವಿಷ್ಯವು ಇದ್ದಕ್ಕಿದ್ದಂತೆ ಅನಿಶ್ಚಿತವಾಗುವುದು ಇದರಿಂದಲೇ.

ಸೀಮೆಯಾಚೆ ಒಂದು ಉದಾಹರಣೆ

ಹಾಗಾದರೆ ವೇಗ ಹೋದವನಿಗೆ ಗತಿಯಿಲ್ಲವೆ? ಇದಕ್ಕೆ ಉತ್ತರ ಹುಡುಕಲು ಜಪಾನಿನವರೊಬ್ಬರ ಕಡೆ ನೋಡೋಣ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಚೆಂಡನ್ನು ನೆಲಕ್ಕೆ ತಾಕಿಸದೆ ನೇರವಾಗಿ ಎಸೆಯುವರು. ಪಂದ್ಯವನ್ನು ಆರಂಭಿಸಿದ ಎಸೆಗಾರನು ದಣಿದಾಗ ಅವನ ಬದಲು ಬಂದು ಕೊನೆಯ ಕೆಲವು ದಾಂಡಿಗರನ್ನು ಎದುರಿಸುವವನು ಬದಲಿ ಎಸೆಗಾರ. 1964ರಲ್ಲಿ ಅಮೆರಿಕದ ಅತ್ಯುನ್ನತ ಲೀಗಿನಲ್ಲಿ ಮೊಟ್ಟಮೊದಲು ಆಡಿದ ಜಪಾನೀಯ, ಮಸಾನೊರಿ ಮುರಾಕಾಮಿ, ಇಂಥ ಬದಲಿ ಎಸೆಗಾರನೇ. ಅದೇ ಕೆಲಸದಿಂದ ಹೆಸರಾದ ಕೊಜಿ ಉಯೆಹಾರಾ 2009ರಲ್ಲಿ ಅಮೆರಿಕಕ್ಕೆ ಹೋದಾಗಲೇ ಅವರಿಗೆ ಮೂವತ್ತನಾಲ್ಕು. ಸುತ್ತಲಿನ ಯುವಕರು ಗಂಟೆಗೆ 155 ಕಿಲೋಮೀಟರ್ ವೇಗದಲ್ಲಿ ಎಸೆಯುತ್ತಿರುವಾಗ ಅವರ ಚೆಂಡು 143ರ ಆಸುಪಾಸಿನಲ್ಲಿತ್ತು. ಆದರೂ 2013ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಬಾಸ್ಟನ್ ತಂಡದ ಪರವಾಗಿ ಸತತವಾಗಿ 37 ದಾಂಡಿಗರನ್ನು ಔಟ್ ಮಾಡಿದರು. ಆ ವರ್ಷದ ಅಂತಿಮ ಸರಣಿಯನ್ನು ಗೆದ್ದ ಕೊನೆಯ ಚೆಂಡೂ ಅವರದೇ. 2018ರಲ್ಲಿ ತಾಯ್ನಾಡಿನ ತಂಡಕ್ಕೆ ಮರಳಿ, 2019ರಲ್ಲಿ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನಿವೃತ್ತರಾದರು.

ಅವರ ಅಸ್ತ್ರವೇನು? ಹಿಮ್ಮುಖವಾಗಿ ವೇಗದಿಂದ ತಿರುಗುವ ಚೆಂಡನ್ನು ಗಾಳಿಯು ಸ್ವಲ್ಪ ಮೇಲಕ್ಕೆ ಎತ್ತುವುದು. ಇದನ್ನು ಜರ್ಮನಿಯ ಭೌತವಿಜ್ಞಾನಿಯ ಹೆಸರಿನಿಂದ ಮ್ಯಾಗ್ನಸ್ ಪರಿಣಾಮವೆನ್ನುವರು. ಎಸೆದ ಚೆಂಡು 0.45 ಸೆಕೆಂಡಿನಲ್ಲಿ ಗುರುತ್ವದಿಂದ ಸುಮಾರು ಒಂದು ಮೀಟರ್ ಕೆಳಗೆ ಬೀಳಬೇಕು. ತಿರುಗುತ್ತಿರುವ ಚೆಂಡು ಅಷ್ಟು ಬೀಳುವುದಿಲ್ಲ. ಉಯೆಹಾರಾ ಚೆಂಡನ್ನು ತೋರುಬೆರಳು ಹಾಗೂ ನಡುಬೆರಳುಗಳ ನಡುವೆ ಅಗಲವಾಗಿ ಸಿಕ್ಕಿಸಿ, ತೋಳನ್ನು ಎಂದಿನಂತೆಯೇ ಬೀಸಿ ಎಸೆಯುತ್ತಿದ್ದರು. ಹಾಗೆ ಹಿಡಿದ ಚೆಂಡಿಗೆ ತಿರುಗು ಕಡಿಮೆ, ವೇಗವೂ ತುಸು ಕಡಿಮೆ. ದಾಂಡಿಗನು ತೋಳನ್ನು ನೋಡಿ ಚೆಂಡು ಮೇಲೆ ಬರುವುದೆಂದು ಎಣಿಸುವನು. ಅದು ಕೊನೆಗೆ ಕೆಳಗಿಳಿದು ಬಡಿಗೆಯ ಅಡಿಯಲ್ಲಿ ನುಸುಳುವುದು. ಎಂದರೆ ದಾಂಡಿಗನನ್ನು ಸೋಲಿಸುವುದು ವೇಗವೊಂದೇ ಅಲ್ಲ. ಒಂದು ಚೆಂಡಿಗೂ ಮತ್ತೊಂದಕ್ಕೂ ಇರುವ ಅಂತರವೂ ಸೋಲಿಸುವುದು. ವೇಗವನ್ನು ವಯಸ್ಸು ಒಯ್ಯಬಹುದು. ಅಂತರವನ್ನು ಅಷ್ಟು ಸುಲಭವಾಗಿ ಒಯ್ಯಲಾರದು.

ಕ್ರಿಕೆಟ್‌ನಲ್ಲಿ ಮುಪ್ಪಿನ ಬೌಲರನಿಗೆ ಇನ್ನೊಬ್ಬ ಮಿತ್ರನಿದ್ದಾನೆ: ಚೆಂಡಿನ ಹೊಲಿಗೆ. ಹೊಸ ಚೆಂಡಿನ ಹೊಲಿಗೆಯನ್ನು ಓರೆಯಾಗಿಟ್ಟು ಎಸೆದರೆ ಒಂದು ಮಗ್ಗುಲಿನ ಗಾಳಿಯ ಪದರವು ಹೊಲಿಗೆಗೆ ತಾಗಿ ಕಲಕಿಹೋಗುವುದು. ಇನ್ನೊಂದು ಮಗ್ಗುಲಿನದು ನಯವಾಗಿಯೇ ಹರಿಯುವುದು. ಕಲಕಿದ ಗಾಳಿಯು ಚೆಂಡಿಗೆ ಹೆಚ್ಚು ದೂರದವರೆಗೆ ಅಂಟಿಕೊಂಡಿರುವುದರಿಂದ ಎರಡು ಮಗ್ಗುಲುಗಳ ಒತ್ತಡ ಬೇರೆಯಾಗಿ ಚೆಂಡು ಬದಿಗೆ ವಾಲುವುದು. ಇದೇ ಸ್ವಿಂಗ್. ವೇಗವು ಅತಿಯಾದರೆ ನಯವಾದ ಮಗ್ಗುಲಿನ ಗಾಳಿಯೂ ತಾನಾಗಿ ಕಲಕಿಹೋಗಿ ಈ ಅಂತರವು ಅಳಿಯುವುದು. ಗಾಳಿಸುರಂಗದ ಪ್ರಯೋಗಗಳಲ್ಲಿ ಈ ಬಗೆಯ ಸ್ವಿಂಗ್ ಗಂಟೆಗೆ ಸುಮಾರು 110 ಕಿಲೋಮೀಟರಿನ ಆಸುಪಾಸಿನಲ್ಲಿ ಹೆಚ್ಚಾಗಿಯೂ 130ನ್ನು ದಾಟಿದಂತೆ ಕಡಿಮೆಯಾಗಿಯೂ ಕಂಡುಬಂದಿದೆ. ವೇಗ ತಗ್ಗಿದ ಬೌಲರನಿಗೆ ಪ್ರಕೃತಿಯು ಒಂದು ಕೈಯಿಂದ ಕಿತ್ತುಕೊಂಡು ಇನ್ನೊಂದು ಕೈಯಿಂದ ತುಸು ಕೊಡುವುದೆಂದಾಯಿತು. ಉಬ್ಬಿದ ಹೊಲಿಗೆಯ ಚೆಂಡೂ ಹಸಿರು ಅಂಕಣಗಳೂ ಇರುವ ಇಂಗ್ಲೆಂಡಿನಲ್ಲಿ ಈ ಲಾಭ ಅಧಿಕ. ಸ್ವಿಂಗನ್ನೇ ಕಸಬಾಗಿ ಮಾಡಿಕೊಂಡ ಜೇಮ್ಸ್ ಆಂಡರ್ಸನ್ 2024ರ ಜುಲೈಯಲ್ಲಿ, ನಲವತ್ತೆರಡು ತುಂಬಲು ಕೆಲವೇ ದಿನಗಳಿರುವಾಗ, 704 ಟೆಸ್ಟ್ ವಿಕೆಟ್‌ಗಳೊಡನೆ ನಿವೃತ್ತರಾದುದು ಇದಕ್ಕೆ ನಿದರ್ಶನ.

2002ರ ತೂಗುಯ್ಯಾಲೆ

ಈಗ ಶ್ರೀನಾಥರ ಕಡೆಗೆ ಮರಳೋಣ. 2002ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದ ನಂತರ ಅವರು ಟೆಸ್ಟ್ ಕ್ರಿಕೆಟ್ಟಿಗೆ ವಿದಾಯ ಹೇಳಿದರು. ಆ ಬೇಸಗೆಯಲ್ಲಿ ಭಾರತ ತಂಡವು ಇಂಗ್ಲೆಂಡಿನಲ್ಲಿಯೇ ಇತ್ತು. ಶ್ರೀನಾಥರೂ ಇಂಗ್ಲೆಂಡಿನಲ್ಲಿಯೇ ಇದ್ದರು, ಆದರೆ ಲೆಸ್ಟರ್‌ಶೈರ್ ಕೌಂಟಿಯ ಆಟಗಾರರಾಗಿ. ಮೂವತ್ತಮೂರರ ಅಂಚು; ಒಮ್ಮೆ ಹರಿದು ಹೊಲಿಸಿಕೊಂಡ ಭುಜ. ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಹಲವರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ನಾಯಕ ಸೌರವ್ ಗಂಗೂಲಿ ಅವರನ್ನು ಮತ್ತೆ ಕರೆದರು.

2003ರ ವಿಶ್ವಕಪ್‌ನಲ್ಲಿ ಶ್ರೀನಾಥರು 16 ವಿಕೆಟ್‌ಗಳನ್ನು ಪಡೆದರು. ಶ್ರೀಲಂಕೆಯೆದುರು 35 ರನ್ನುಗಳಿಗೆ 4 ವಿಕೆಟ್ ಬಿದ್ದುವು. ಹದಿಮೂರು ದಿನಗಳ ಬಳಿಕ, ಮಾರ್ಚ್ 23ರಂದು, ಜೋಹಾನ್ಸ್‌ಬರ್ಗಿನ ಅದೇ ಮೈದಾನದಲ್ಲಿ ಆಸ್ಟ್ರೇಲಿಯದೆದುರು ಅಂತಿಮ ಪಂದ್ಯ. ಅಂದು 10 ಓವರ್‌ಗಳಲ್ಲಿ 87 ರನ್ನುಗಳು ಹೋದುವು. ಒಂದು ವಿಕೆಟ್ಟೂ ಬರಲಿಲ್ಲ. ಅದೇ ಅವರ ಕೊನೆಯ ಅಂತಾರಾಷ್ಟ್ರೀಯ ಪಂದ್ಯವಾಯಿತು. ಒಂದು ದಿನದ ಲೆಕ್ಕವನ್ನು ಹಿಡಿದು ತೋಳಿನ ಬೆಲೆಯನ್ನು ಕಟ್ಟುವವರು ಎರಡು ದಿನಗಳನ್ನೂ ಒಟ್ಟಿಗೆ ನೋಡಬೇಕು. ವಯಸ್ಸಾದ ಬೌಲರನು ಪ್ರತಿದಿನವೂ ಕಡಿಮೆಯಾಗುವನೆಂದಲ್ಲ; ಅವನ ಒಳ್ಳೆಯ ದಿನಗಳ ನಡುವಿನ ಅಂತರ ಬೆಳೆಯುವುದು. ಇಂದು ಒಳ್ಳೆಯ ದಿನವೋ ಅಲ್ಲವೋ ಎಂಬುದನ್ನು ಅವನೇ ಮುಂಚಿತವಾಗಿ ಹೇಳಲಾರ. ಅನಿಶ್ಚಿತತೆಯೆಂದರೆ ಇದೇ.

ಜಲನಗರದ ಹುಡುಗರಿಗೆ

ಇಷ್ಟೆಲ್ಲ ಲೆಕ್ಕದಿಂದ ನಮಗೇನು ಪ್ರಯೋಜನ? ಜಲನಗರದಲ್ಲಾಗಲಿ ತಿಕೋಟಾ, ಬಬಲೇಶ್ವರಗಳಲ್ಲಾಗಲಿ ಸಂಜೆಯ ಹೊತ್ತು ಬಯಲಿದ್ದ ಕಡೆ ಹುಡುಗರು ಆಡುತ್ತಿರುವರು. ಅವರಲ್ಲಿ ಬಹು ಮಂದಿಗೆ ವೇಗದ ಬೌಲರನಾಗುವ ಆಸೆ. ಎಲುಬು ಇನ್ನೂ ಬೆಳೆಯುತ್ತಿರುವ ವಯಸ್ಸಿನಲ್ಲಿ ಮಿತಿಮೀರಿ ಎಸೆದರೆ ಸೊಂಟದ ಕಡೆಯ ಬೆನ್ನೆಲುಬಿನಲ್ಲಿ ಕೂದಲೆಳೆಯಂಥ ಬಿರುಕುಗಳು ಹುಟ್ಟುವುದುಂಟು. ಮೈಯನ್ನು ಒಮ್ಮೆಗೇ ಬದಿಗೆ ಬಾಗಿಸಿ ತಿರುಚಿ ಎಸೆಯುವವರಲ್ಲಿ ಇದು ಹೆಚ್ಚು. ಆದಕಾರಣ ಹುಡುಗನು ದಿನಕ್ಕೆ ಇಂತಿಷ್ಟೇ ಓವರ್‌ಗಳನ್ನು ಎಸೆಯಲಿ, ನಡುವೆ ಬಿಡುವಿನ ದಿನಗಳಿರಲಿ. ನಾಲ್ಕಾರು ದಿನಗಳಾದರೂ ಬಿಡದ ಬೆನ್ನುನೋವನ್ನು ಎಣ್ಣೆ ತಿಕ್ಕಿ ಮರೆಯದೆ ವೈದ್ಯರಿಗೆ ತೋರಿಸಲಿ. ಭುಜದ ಚಿಕ್ಕ ಸ್ನಾಯುಗಳಿಗೂ ವ್ಯಾಯಾಮ ಬೇಕು. ದೊಡ್ಡ ತೋಳುಗಳಿಂದ ಮಾತ್ರ ಬೌಲಿಂಗ್ ಸಾಗದು. ವೇಗವಿರುವಾಗಲೇ ಹೊಲಿಗೆಯ ವಿದ್ಯೆಯನ್ನೂ ನಿಧಾನದ ಚೆಂಡನ್ನೂ ಕಲಿತವನಿಗೆ ಮುಂದೆ ದಾರಿ ತೆರೆದಿರುವುದು. ವೇಗ ಹೋದ ಮೇಲೆ ಕಲಿಯಹೊರಟವನಿಗೆ ಕಾಲ ಸಾಲದು.

ಮತ್ತೊಂದು ಮಾತು. ಶ್ರೀನಾಥರು ಆಟದ ನಡುವೆಯೂ ಓದನ್ನು ಬಿಟ್ಟವರಲ್ಲ. ಆಟ ಮುಗಿದ ಮೇಲೆ, 2006ರಿಂದ, ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಲಿಯ ಪಂದ್ಯ ತೀರ್ಪುಗಾರರಾಗಿ ದೇಶದೇಶಗಳಲ್ಲಿ ಕೆಲಸ ಮಾಡಿದರು. ಅಲ್ಲಿ ಬೇಕಾದುದು ಭುಜವಲ್ಲ, ವಿವೇಕ. ಅದು ವಯಸ್ಸಿನೊಡನೆ ಬೆಳೆಯತಕ್ಕ ವಸ್ತು. ಬೌಲರನ ತೋಳಿನಲ್ಲಿರುವ ಚೆಂಡುಗಳು ಎಣಿಕೆಯವು. ಅವು ಎಷ್ಟೆಂಬುದನ್ನು ಯಾವ ಉಪಕರಣವೂ ಮೊದಲೇ ಹೇಳಲಾರದು. ಆದರೆ ಅವನ್ನು ಹುಡುಗತನದಲ್ಲಿಯೇ ದುಂದು ಮಾಡದಂತೆ ನೋಡಿಕೊಳ್ಳುವುದು ತಂದೆತಾಯಿಗಳ, ಮಾಸ್ತರರ ಹಾಗೂ ತರಬೇತುದಾರರ ಕೈಯಲ್ಲಿದೆ.